ತುಳುಕುವ ಕೊಡ

ಅನಿಮೇಷನ್ ಕೋರ್ಸಿನ ಮೂರನೇ ಸೆಮಿಸ್ಟರಿನ ಅಸೈನ್‌ಮೆಂಟ್ ಒಂದೇ ಸಾಲಿನದು. ಭಾರ ಹೊತ್ತು ನಡೆಯುವ ಪಾತ್ರ ಮಾಡಿ, ಗೇಮ್ ಎಂಜಿನ್‌ನಲ್ಲಿ, ಅಂದರೆ ಆಟವನ್ನು ನಡೆಸುವ ಸಾಫ್ಟ್‌ವೇರಿನಲ್ಲಿ, ಓಡಿಸಿ ತೋರಿಸಬೇಕು. ಕ್ಲಾಸಿನಲ್ಲಿ ಮುಕ್ಕಾಲು ಪಾಲು ಜನ ಗದೆಯೋ ಕೊಡಲಿಯೋ ಹೊತ್ತ ರಾಕ್ಷಸನನ್ನು ಹಿಡಿದರು. ನಾನು ಕೊಡ ಹೊತ್ತ ಅಜ್ಜಿಯನ್ನು ಆರಿಸಿಕೊಂಡೆ. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ದಿನಾ ನೋಡಿದ್ದೇ ಅಲ್ವಾ, ಸುಲಭ ಅಂದುಕೊಂಡಿದ್ದೆ.

ಮೊದಲು ತಾಮ್ರದ ಕೊಡ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಿನಲ್ಲಿ ಮಾಡಿದೆ, ಅಂಥದ್ದೇ ಇನ್ನೊಂದಾದ ಮಾಯಾ ತೆರೆದರೆ ನನ್ನ ಲ್ಯಾಪ್‌ಟಾಪಿಗೆ ಜ್ವರ ಬರುತ್ತದೆ. ಕಂಠದ ಗೀರು, ಹೊಟ್ಟೆಯ ನೆಗ್ಗು, ಎಲ್ಲ ಕೂತು ಕೆತ್ತಿದೆ. 3ಡಿ ಆಕಾರ ಅಂದರೆ ಪುಟ್ಟ ತ್ರಿಕೋನಗಳ ಜೋಡಣೆ, ಅವು ಹೆಚ್ಚಿದಷ್ಟೂ ಕಂಪ್ಯೂಟರಿಗೆ ಕೆಲಸ ಜಾಸ್ತಿ. ನನ್ನ ಕೊಡ 40,000 ತ್ರಿಕೋನ ಆಯಿತು. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಆಡೋರು ಇದರಲ್ಲಿ ನೀರು ಕುಡೀತಾರಾ?"

ಗೇಮ್ ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಓಡಬೇಕೆಂದರೆ ಒಂದೊಂದಕ್ಕೂ ಸಿಗುವುದು 16 ಮಿಲಿಸೆಕೆಂಡ್ ಚಿಲ್ಲರೆ. ಅಷ್ಟರೊಳಗೆ ಅಜ್ಜಿ, ಕೊಡ, ಅಂಗಳ, ಅಡಿಕೆ ಮರ ಎಲ್ಲ ತೆರೆಯ ಮೇಲೆ ಬರಬೇಕು. ಅನಿಮೇಷನ್ ಸಿನಿಮಾದವರು ಒಂದು ಫ್ರೇಮ್‌ಗೆ ಗಂಟೆಗಟ್ಟಲೆ ಕಾಯಬಹುದು, ನಮಗೆ ಆ ಭಾಗ್ಯ ಇಲ್ಲ. ಕೊನೆಗೆ 600 ತ್ರಿಕೋನದ ಬಡ ಕೊಡ ಮಾಡಿ, ಹಳೆಯದರ ಗೀರು ನೆಗ್ಗುಗಳನ್ನು ನಾರ್ಮಲ್ ಮ್ಯಾಪ್ ಆಗಿ, ಅಂದರೆ ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರವಾಗಿ, ಬೇಕ್ ಮಾಡಿ (ಅಚ್ಚೊತ್ತಿ) ಅದಕ್ಕೆ ಹೊದಿಸಿದೆ. ನೆಗ್ಗು ನಿಜವಾಗಿ ಅಲ್ಲಿಲ್ಲ. ಇದೆ ಅಂತ ಬೆಳಕು ನಂಬಿಕೊಳ್ಳುತ್ತದೆ.

ಯುವಿ ಅನ್‌ರ‍್ಯಾಪ್ ಅಂದರೇನು ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಬಣ್ಣ ಬಳಿಯಲು ಮಾಡೆಲ್ಲನ್ನು ಚಪ್ಪಟೆಯಾಗಿ ಹರಡಬೇಕು. ಹಾಳೆಟೋಪಿಯ ಹೊಲಿಗೆ ಬಿಚ್ಚಿ ಮತ್ತೆ ಹಾಳೆ ಮಾಡಿದ ಹಾಗೆ. "ಮಾಡಿದ್ದನ್ನ ಬಿಚ್ಚೋಕೆ ಇಷ್ಟು ಫೀಸಾ?" ಅಂದರು ಅಪ್ಪ. ಅನಿಮೇಷನ್, ಗೇಮಿಂಗಿಗೆ ಅಂತಲೇ ಕರ್ನಾಟಕ 2012ರಲ್ಲೇ ನೀತಿ ತಂದಿದೆ, ದೇಶದಲ್ಲೇ ಮೊದಲು ಅಂತ ಜಂಬ ಕೊಚ್ಚಿದೆ. ಅಪ್ಪ ಅಡಿಕೆ ರೇಟಿನ ಕಡೆಗೆ ಮಾತು ತಿರುಗಿಸಿದರು.

ಆಮೇಲೆ ನಡಿಗೆ. ಮತ್ತೆ ಮತ್ತೆ ಓಡಿಸುವ ಎರಡು ಹೆಜ್ಜೆಯ ವಾಕ್ ಸೈಕಲ್‌ಗೆ ನಾಲ್ಕು ಮುಖ್ಯ ಭಂಗಿ: ಕಾಲು ನೆಲ ಮುಟ್ಟುವುದು, ಮೈ ಕುಗ್ಗುವುದು, ಒಂದು ಕಾಲು ಇನ್ನೊಂದನ್ನು ದಾಟುವುದು, ಮೈ ಏಳುವುದು. ಬಲಗಾಲಿಗೆ ಮಾಡಿದರೆ ಸಾಕು, ಎಡಗಾಲಿಗೆ 'ಪೇಸ್ಟ್ ಫ್ಲಿಪ್ಡ್' ಒತ್ತಿದರೆ ಕನ್ನಡಿ ಹಿಡಿದ ಹಾಗೆ ತಾನೇ ಬರುತ್ತದೆ. ಅರ್ಧ ಕೆಲಸ ಉಳಿತಾಯ. ಹಾಗೇ ಮಾಡಿದೆ. ಪಕ್ಕದ ಬೆಂಚಿನವಳು ನೋಡಿ, "ಕೊಡ ಥರ್ಮೋಕೋಲಿಂದಾ?" ಅಂದಳು.

ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿಯ ಕೈಗೆ ಖಾಲಿ ಕೊಡ ಕೊಟ್ಟು, ನಡೆದು ತೋರಿಸು, ವಿಡಿಯೋ ಮಾಡುತ್ತೇನೆ ಅಂದೆ. ಅಜ್ಜಿ ಮದುವೆ ಫೋಟೋಗೆ ನಿಂತವರ ಹಾಗೆ ನೆಟ್ಟಗೆ ನಡೆದರು. ನನ್ನ ಅನಿಮೇಷನ್ನೇ ಎದುರಿಗೆ ಬಂದಂತಿತ್ತು! "ಖಾಲಿ ಕೊಡ ಹಿಡಿದು ಸುಳ್ಳು ನಡಿಗೆ ನಡೆಯೋಕೆ ಬರಲ್ಲ ಮಾರಾಯ್ತಿ, ನೀರು ತುಂಬು" ಅಂದರು.

ತುಂಬಿದೆ. ಸ್ಲೋ ಮೋಷನ್‌ನಲ್ಲಿ ಬಾವಿಕಟ್ಟೆಯಿಂದ ಬಚ್ಚಲವರೆಗೆ ಹಿಡಿದೆ. ರಾತ್ರಿ ಒಂದೊಂದೇ ಫ್ರೇಮ್ ಸರಿಸಿ ನೋಡಿದರೆ ಎಲ್ಲವೂ ಬೇರೆ. ಕೊಡ ಎಡ ಸೊಂಟದ ಮೇಲೆ, ಮೈ ಪೂರ್ತಿ ಬಲಕ್ಕೆ ವಾಲಿದೆ. ಬಲಗೈ ಬೀಸುವುದೇ ಇಲ್ಲ, ತಕ್ಕಡಿಯ ದಂಡಿಗೆಯ ಹಾಗೆ ದೂರಕ್ಕೆ ಚಾಚಿಕೊಂಡಿದೆ. ಮುಖ್ಯವಾಗಿ, ಎರಡು ಹೆಜ್ಜೆ ಒಂದೇ ಥರ ಇಲ್ಲ. ಎಡಗಾಲು ಊರಿದಾಗ ಮೈ ಜಾಸ್ತಿ ಕುಗ್ಗುತ್ತದೆ, ಬಲಗಾಲು ಗಡಿಬಿಡಿಯಲ್ಲಿ ಬಂದು ಕೂಡಿಕೊಳ್ಳುತ್ತದೆ. ಕನ್ನಡಿ ಆಟ ಇಲ್ಲಿ ನಡೆಯುವುದಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅಂತ ಗಾದೆ ಮಾಡಿದವರು ಬಹುಶಃ ಕೊಡ ಹೊತ್ತವರಲ್ಲ. ಮೂರನೇ ಹೆಜ್ಜೆಗೇ ತುಳುಕುತ್ತದೆ. ಅಜ್ಜಿಯ ಸೊಂಟದ ಸೀರೆ ಒದ್ದೆ.

ಹಳೆಯದನ್ನು ಅಳಿಸಿ ಎರಡೂ ಕಾಲಿಗೆ ಬೇರೆ ಬೇರೆ ಕೀ (ಮುಖ್ಯ ಭಂಗಿ) ಹಾಕಿದೆ. ಒಂಬತ್ತು ದಿನ ಹಿಡಿಯಿತು. ಗೇಮಿಗಾಗಿ ಪಾತ್ರ ನಿಂತಲ್ಲೇ ನಡೆಯುತ್ತದೆ, ಮುಂದಕ್ಕೆ ತಳ್ಳುವುದು ಎಂಜಿನ್. ಎರಡರ ವೇಗ ಚೂರು ತಪ್ಪಿದರೂ ಪಾದ ಜಾರುತ್ತದೆ, ಅಜ್ಜಿ ಪಾಚಿ ಕಟ್ಟಿದ ಅಂಗಳದಲ್ಲಿ ಹೋದ ಹಾಗೆ. ಸೀರೆಯದಂತೂ ದೊಡ್ಡ ಕಥೆ. ಮೊಣಕಾಲು ನೆರಿಗೆ ತೂರಿಕೊಂಡು ಹೊರಗೆ ಬರುತ್ತಿತ್ತು. ಪಾತ್ರದ ಯಾವ ಮೂಳೆ ಸೀರೆಯನ್ನು ಎಷ್ಟು ಎಳೆಯಬೇಕು ಅಂತ ಬಳಿದು ತಿಳಿಸುವ ವೇಟ್ ಪೇಂಟ್ ಮಾಡಿ ಮಾಡಿ ಕಣ್ಣು ಹೋಯಿತು.

ರಿವ್ಯೂ ದಿನ ಮೇಷ್ಟ್ರು ಕೀಬೋರ್ಡಿನ ಕೀ ಬಿಟ್ಟರೂ ಅಜ್ಜಿ ತಕ್ಷಣ ನಿಲ್ಲಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟು, ಕೊಡ ಸರಿಮಾಡಿಕೊಂಡು ನಿಂತರು. ಆಡುವವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ಬೆರಳು ಬಿಟ್ಟ ಕೂಡಲೇ ನಿಲ್ಲಬೇಕು ಅಂತ ಅಂಕ ಕಡಿದರು. ಆಟದ ದೃಷ್ಟಿಯಿಂದ ಅವರು ಹೇಳಿದ್ದು ಸರಿ. ಆದರೂ ಆ ಹೆಜ್ಜೆಯನ್ನು ತೆಗೆಯಲು ಮನಸ್ಸು ಬರಲಿಲ್ಲ. ಅರ್ಧಕ್ಕರ್ಧ ಚಿಕ್ಕದು ಮಾಡಿ ಇಟ್ಟುಕೊಂಡೆ.

ಸಂಕ್ರಾಂತಿಗೆ ಹೋದಾಗ ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ನೋಡಿದರು. "ಸೀರೆ ಒದ್ದೆನೇ ಆಗಿಲ್ವಲ್ಲೇ, ಕೊಡ ಖಾಲಿ ಇದೆಯಾ?"

ನೀರಿನ ಸಿಮ್ಯುಲೇಷನ್ ನನ್ನ ಲ್ಯಾಪ್‌ಟಾಪಿನ ಕೈಲಾಗುವ ಕೆಲಸ ಅಲ್ಲ. ಸೊಂಟದ ಹತ್ತಿರ ಮಾಡೆಲ್ಲಿಗೆ ಹೊದಿಸಿದ ಚಿತ್ರವಾದ ಟೆಕ್ಸ್ಚರಿನಲ್ಲೇ ಬಣ್ಣ ಕೊಂಚ ಗಾಢ ಮಾಡಿ, ಹೊಳಪು ಬರಲಿ ಅಂತ ರಫ್‌ನೆಸ್ ಇಳಿಸಿ, ಅಂಗೈಯಗಲದ ಒಂದು ಒದ್ದೆ ಕಲೆ ಬಳಿದೆ. ಅದಕ್ಕೆ ಒಂದು ತ್ರಿಕೋನವೂ ಖರ್ಚಾಗಲಿಲ್ಲ.