ಕೆಳಗಿರುವವರದ್ದೇ ದಾರಿ: ಡೊಲೊಮೈಟ್ಸ್ ಹಿಮದಲ್ಲಿ ಒಂದು ಸುತ್ತು

ಇಟಲಿಯ ಉತ್ತರಕ್ಕೆ, ಡೊಲೊಮೈಟ್ಸ್ ಬೆಟ್ಟಗಳ ನಡುವೆ ವಾಲ್ ಗಾರ್ಡೆನಾ ಅನ್ನೋ ಕಣಿವೆ ಇದೆ. ಅದರ ಮೇಲ್ತುದಿಯ ಸೆಲ್ವಾ ಊರಿನಲ್ಲಿ ನಾವು ಉಳಿದುಕೊಂಡಿದ್ದೆವು. ನಾನು, ನನ್ನ ಹೆಂಡತಿ, ಆಫೀಸಿನ ಗೆಳೆಯ, ಅವನ ಕಾಲೇಜು ಓದುವ ಮಗಳು. ಎಲ್ಲರೂ ಅಲ್ಲಿ ಇಲ್ಲಿ ಒಂದಿಷ್ಟು ಸ್ಕೀ ಮಾಡಿದವರೇ. ಸೆಲ್ಲಾ ಅನ್ನೋ ದೊಡ್ಡ ಬಂಡೆಬೆಟ್ಟದ ಸುತ್ತ ನಾಲ್ಕು ಕಣಿವೆದಾರಿಗಳನ್ನು (ಮೌಂಟನ್ ಪಾಸ್) ದಾಟಿ, ಹೊರಟ ಜಾಗಕ್ಕೇ ಬಂದು ಸೇರುವ ಸೆಲ್ಲಾರೊಂಡಾ ಸುತ್ತು ಹಾಕಬೇಕು ಅನ್ನೋದು ನಮ್ಮ ಆಸೆ. ಬೆಟ್ಟದ ಮೇಲಕ್ಕೆ ಹೊತ್ತೊಯ್ಯುವ ಹಗ್ಗದ ಲಿಫ್ಟುಗಳ ದೂರವನ್ನೂ ಸೇರಿಸಿದರೆ ಸುಮಾರು 40 ಕಿಲೋಮೀಟರ್.

ಮೊದಲ ಪರೀಕ್ಷೆ ಬಾಡಿಗೆ ಅಂಗಡಿಯಲ್ಲೇ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಎಷ್ಟು ಚೆನ್ನಾಗಿ ಸ್ಕೀ ಮಾಡುತ್ತೀರಿ, ಎಲ್ಲ ಕೇಳಿ ಬರೆದುಕೊಂಡರು. ಇದು ಸುಮ್ನೆ ಫಾರಂ ತುಂಬಿಸೋ ಕೆಲಸ ಅಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಲ ಬಿದ್ದಾಗ ಬಿಟ್ಟುಕೊಳ್ಳಬೇಕು ಅನ್ನೋದನ್ನು ಇದರ ಮೇಲೆಯೇ ಲೆಕ್ಕ ಹಾಕುತ್ತಾರೆ. ಗೆಳೆಯ ‘ಎಕ್ಸ್‌ಪರ್ಟ್’ ಅಂತ ಗುರುತು ಹಾಕಲು ಹೊರಟಿದ್ದ. ಅಂಗಡಿಯವನು ಅವನ ಕಡೆ ಒಂದು ಸಲ ನೋಡಿ, “ಹಾಗೆ ಬರೆದರೆ ಬೈಂಡಿಂಗ್ ಬಿಗಿ ಮಾಡ್ತೀವಿ, ನಿಧಾನವಾಗಿ ಬಿದ್ದರೆ ಸ್ಕೀ ಬಿಟ್ಟುಕೊಳ್ಳೋದಿಲ್ಲ. ಆಮೇಲೆ ತಿರುಚೋದು ಮಂಡಿ. ಯೋಚನೆ ಮಾಡಿ ಬರೀರಿ” ಎಂದ. ಗೆಳೆಯ ಒಂದು ಮೆಟ್ಟಿಲು ಕೆಳಗಿಳಿದ. ಹಾಗಂತ ತೂಕ ಕಡಿಮೆ ಹೇಳಿದರೂ ತೊಂದರೆಯೇ, ಬೇಡದ ಕಡೆ ಸ್ಕೀ ಕಳಚಿಕೊಳ್ಳುತ್ತದೆ. ಜಂಬಕ್ಕೆ ಸುಳ್ಳು ಹೇಳಬಾರದ ಜಾಗಗಳಲ್ಲಿ ಇದೂ ಒಂದು.

ಹೆಲ್ಮೆಟ್ ಬೇಕಾ ಬೇಡವಾ ಅನ್ನೋ ಮಾತೇ ಬರಲಿಲ್ಲ. ಇಟಲಿಯಲ್ಲಿ ಮೊದಲು ಮಕ್ಕಳಿಗೆ ಮಾತ್ರ ಕಡ್ಡಾಯ ಇತ್ತು. 2025ರ ನವೆಂಬರ್‌ನಿಂದ ಎಲ್ಲ ವಯಸ್ಸಿನವರಿಗೂ ಕಡ್ಡಾಯ. ಬೇರೆಯವರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆ 2022ರ ಜನವರಿಯಿಂದಲೇ ಕಡ್ಡಾಯ. ಮನೆಯಿಂದ ಮಾಡಿಸಿಕೊಂಡು ಬಾರದವರು ಲಿಫ್ಟ್ ಟಿಕೆಟ್ ಜೊತೆಗೇ ತೆಗೆದುಕೊಳ್ಳಬಹುದು. ಕುಡಿದು ಸ್ಕೀ ಮಾಡುವಂತಿಲ್ಲ. ಪೊಲೀಸರೇ ಸ್ಕೀ ಹಾಕಿಕೊಂಡು ಇಳಿಜಾರಿನಲ್ಲಿ ಓಡಾಡುತ್ತಿರುತ್ತಾರೆ.

ಸುತ್ತಿಗೆ ಒಬ್ಬ ತರಬೇತುದಾರರನ್ನು ಜೊತೆಗೆ ಕರೆದುಕೊಂಡೆವು. ಅದೇ ಕಣಿವೆಯ ಹೆಂಗಸು, ಐವತ್ತರ ಆಸುಪಾಸು. ಹಿಂದಿನ ದಿನ ಸಣ್ಣ ಇಳಿಜಾರಿಗೆ ಕರೆದೊಯ್ದು ನಮ್ಮ ತಿರುವುಗಳನ್ನು ನೋಡಿದರು. ಮೆಚ್ಚಲೂ ಇಲ್ಲ, ತೆಗಳಲೂ ಇಲ್ಲ. “ತಿರುಗೋಕೆ ಬರುತ್ತೆ, ಸರಿ. ಈಗ ಹೇಳಿ, ನಿಮ್ಮ ಕೆಳಗೆ ಹೋಗ್ತಿರೋರು ಇದ್ದಕ್ಕಿದ್ದ ಹಾಗೆ ಎಡಕ್ಕೆ ತಿರುಗಿ ನೀವು ಅವರಿಗೆ ಗುದ್ದಿದರೆ ತಪ್ಪು ಯಾರದು?” ಎಂದು ಕೇಳಿದರು. ಗೆಳೆಯನ ಮಗಳು, “ಅವರದ್ದು ಅಲ್ವಾ? ಕೈ ತೋರಿಸದೆ ತಿರುಗಿದರಲ್ಲ” ಎಂದಳು. “ಅಲ್ಲ, ನಿನ್ನದು. ಅವರ ಬೆನ್ನಿಗೆ ಕಣ್ಣಿಲ್ಲ. ನಿನ್ನ ಕಣ್ಣಿಗೆ ಅವರು ಕಾಣ್ತಿದ್ರು.”

ಲಿಫ್ಟಿನ ಬುಡದಲ್ಲಿ ಹಾಕಿದ್ದ ಹತ್ತು ನಿಯಮಗಳ ಬೋರ್ಡನ್ನು ನಾನು ಗಮನ ಕೊಟ್ಟು ಓದಿದ್ದು ಆಮೇಲೆ. ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟ, ಅಂದರೆ ಎಫ್‌ಐಎಸ್, 1967ರಲ್ಲಿ ಮಾಡಿದ ನಿಯಮಗಳು ಅವು. ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಜಾರುವ ಸ್ನೋಬೋರ್ಡ್ ಬಂದ ಮೇಲೆ 2002ರಲ್ಲಿ ತಿದ್ದಿದರು. ಒಕ್ಕೂಟ ಸರ್ಕಾರವಲ್ಲ, ಹಾಗಾಗಿ ಇವು ತಾವಾಗಿಯೇ ಕಾನೂನಲ್ಲ. ಆದರೂ ಅಪಘಾತದ ಕೇಸು ಬಂದಾಗ ಯುರೋಪಿನ ಕೋರ್ಟುಗಳು ಇವನ್ನೇ ಮುಂದಿಟ್ಟುಕೊಂಡು ತಪ್ಪು ಯಾರದೆಂದು ನೋಡುತ್ತವೆ. ನನಗೆ ಅನ್ನಿಸಿದ್ದು, ಹತ್ತರಲ್ಲಿ ಹೆಚ್ಚಿನವು ಒಂದೇ ಮಾತಿನ ಬೇರೆ ಬೇರೆ ರೂಪ: ಮೇಲಿನಿಂದ ಬರುವವರು ಕೆಳಗಿನವರನ್ನು ಕಾಯಬೇಕು. ವೇಗ ನಿಮ್ಮ ಕೈಯಲ್ಲಿರಲಿ, ದಾರಿ ಆರಿಸಿಕೊಳ್ಳುವುದು ನಿಮ್ಮ ಹೊಣೆ, ಹಿಂದಿಕ್ಕುವಾಗ ಅವರು ಹೇಗೆ ಬೇಕಾದರೂ ತಿರುಗುವಷ್ಟು ಜಾಗ ಬಿಡಿ. ಗಂಟೆಗೆ 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ಕನ್ನಡಕದ ಮಂಜು ಒರೆಸಿಕೊಳ್ಳುವಷ್ಟರಲ್ಲಿ ಒಂದು ಮನೆಯ ಉದ್ದ ದಾಟಿರುತ್ತೀರಿ.

ಮೇಲೆ ನೋಡಬೇಕಾದ ಸಂದರ್ಭಗಳೂ ಇವೆ. ನಿಂತವರು ಮತ್ತೆ ಹೊರಡುವಾಗ, ಇಲ್ಲವೇ ಪಕ್ಕದಿಂದ ಹೊಸ ದಾರಿಗೆ ಸೇರುವಾಗ. ಆಗ ಮೇಲಿನವರಿಗೆ ದಾರಿ ಬಿಟ್ಟು ಹೊರಡಬೇಕು.

ಬೆಳಿಗ್ಗೆ ಬೇಗ ಡಾಂಟರ್ಚೆಪೀಸ್ ಗೊಂಡೋಲಾ, ಅಂದರೆ ಹಗ್ಗದ ಮೇಲೆ ಸಾಗುವ ಡಬ್ಬಿಯ ಲಿಫ್ಟ್, ಹತ್ತಿದೆವು. ಸುತ್ತನ್ನು ಎರಡೂ ದಿಕ್ಕಿನಲ್ಲಿ ಹಾಕಬಹುದು. ಗಡಿಯಾರದ ದಿಕ್ಕಿಗೆ ಕಿತ್ತಳೆ ಬಣ್ಣದ ಫಲಕ, ಎದುರು ದಿಕ್ಕಿಗೆ ಹಸಿರು. ನಮ್ಮದು ಕಿತ್ತಳೆ. ಈ ಬಣ್ಣಗಳನ್ನು ದಾರಿಯ ಕಷ್ಟ ಹೇಳುವ ಬಣ್ಣಗಳ ಜೊತೆ ಗೊಂದಲ ಮಾಡಿಕೊಳ್ಳಬಾರದು. ಇಲ್ಲಿ ನೀಲಿ ಅಂದರೆ ಸುಲಭ, ಕೆಂಪು ನಡುವಿನದು, ಕಪ್ಪು ಕಡಿದಾದದ್ದು. ಅಮೆರಿಕದಲ್ಲಿ ಲೆಕ್ಕವೇ ಬೇರೆ, ಅಲ್ಲಿ ನೀಲಿ ನಡುವಿನದು. ಒಂದು ಕಡೆಯ ಅಭ್ಯಾಸ ಇನ್ನೊಂದು ಕಡೆ ತಂದರೆ ಎಡವಟ್ಟು.

ಗಾರ್ಡೆನಾ ಕಣಿವೆದಾರಿಯಿಂದ ಕೊಲ್ಫೊಸ್ಕೊ, ಕೊರ್ವಾರಾ ಕಡೆಗೆ ಇಳಿಯುವ ದಾರಿ ಅಗಲವಾಗಿದೆ, ಮಜವಾಗಿದೆ. ಎಡಬಲದಲ್ಲಿ ಬೂದುಹಳದಿ ಬಂಡೆಗಳು ನೇರ ಎದ್ದು ನಿಂತಿವೆ. ಬಿಸಿಲು ಬಿದ್ದ ಕಡೆ ಹಿಮ ಹೊಳೆಯುತ್ತದೆ, ನೆರಳಿನಲ್ಲಿ ಗಾಜಿನಷ್ಟು ಗಟ್ಟಿ. ನೋಡುತ್ತಾ ನಿಲ್ಲಬೇಕು ಅನ್ನಿಸುತ್ತೆ. ನಿಲ್ಲಬಹುದು, ಅಂಚಿನಲ್ಲಿ. ಒಂದು ದಿಬ್ಬ ದಾಟುತ್ತಿದ್ದ ಹಾಗೆ ಐದಾರು ಹುಡುಗರು ಸ್ನೋಬೋರ್ಡ್ ಕಟ್ಟಿಕೊಂಡೇ ಸಾಲಾಗಿ ದಾರಿ ಮಧ್ಯೆ ಕೂತಿದ್ದರು, ಸರಿಯಾಗಿ ದಿಬ್ಬದ ಮರೆಯಲ್ಲಿ. ಮೇಲಿನಿಂದ ಬರುವವರಿಗೆ ಕೊನೆ ಗಳಿಗೆಯವರೆಗೂ ಕಾಣುವ ಹಾಗೇ ಇಲ್ಲ. ನಮ್ಮ ತರಬೇತುದಾರರು ದಿಬ್ಬಕ್ಕೆ ಮುಂಚೆಯೇ ವೇಗ ಇಳಿಸಿದ್ದರು, ಹಿಂದೆ ಇದ್ದ ನಾವೂ ಇಳಿಸಿದ್ದೆವು, ಅದಕ್ಕೆ ಬಚಾವ್. ಅವರು ಹುಡುಗರ ಹತ್ತಿರ ಹೋಗಿ ಬೈಯಲಿಲ್ಲ. ಒಬ್ಬನನ್ನು ಎಬ್ಬಿಸಿ ದಿಬ್ಬದ ಮೇಲಕ್ಕೆ ಕಳಿಸಿ, “ಅಲ್ಲಿಂದ ನಿನ್ನ ಗೆಳೆಯರು ಕಾಣ್ತಾರಾ ನೋಡು” ಎಂದರು. ಅವನು ನೋಡಿದ. ಎಲ್ಲರೂ ಅಂಚಿಗೆ ಸರಿದರು. ಇಕ್ಕಟ್ಟಿನ, ಮರೆಯ ಜಾಗದಲ್ಲಿ ನಿಲ್ಲಬಾರದು: ನನ್ನ ಪ್ರಕಾರ ಜನ ಅತಿ ಹೆಚ್ಚು ಮುರಿಯುವ ನಿಯಮ ಇದೇ. ವೇಗವಾಗಿ ಹೋಗುವವರನ್ನು ಎಲ್ಲರೂ ಬೈಯುತ್ತಾರೆ, ಇಕ್ಕಟ್ಟಿನಲ್ಲಿ ನಿಂತು ಫೋಟೊ ತೆಗೆಯುವವರನ್ನು ಯಾರೂ ಬೈಯುವುದಿಲ್ಲ.

ಅರಬ್ಬಾದಿಂದ ಮೇಲೇರಿ ಪೋರ್ಟಾ ವೆಸ್ಕೊವೊ ತಲುಪಿದರೆ ಎದುರಿಗೆ ಮಾರ್ಮೊಲಾಡಾ. ಡೊಲೊಮೈಟ್ಸ್‌ನ ಅತಿ ಎತ್ತರದ ಬೆಟ್ಟ, 3,343 ಮೀಟರ್. ಅಲ್ಲಿಂದ ಪೊರ್ಡೊಯ್ ಕಣಿವೆದಾರಿಯ ಕಡೆಗೆ ಇಳಿಯುವಾಗ ಎರಡು ದಾರಿ ಸೇರುವ ಜಾಗದ ಕೆಳಗೆ ಒಬ್ಬರು ಬಿದ್ದಿದ್ದರು. ನಡುವಯಸ್ಸಿನವರು, ಮಂಡಿ ಹಿಡಿದುಕೊಂಡಿದ್ದರು. ಸ್ವಲ್ಪ ದೂರದಲ್ಲಿ ಒಬ್ಬ ಯುವಕ ಬೆಳ್ಳಗೆ ಮುಖ ಮಾಡಿಕೊಂಡು ನಿಂತಿದ್ದ. ಅವನೇ ಮೇಲಿನಿಂದ ಬಂದು ಗುದ್ದಿದ್ದು.

ತರಬೇತುದಾರರು ತಮ್ಮ ಸ್ಕೀ ಬಿಚ್ಚಿ, ಬಿದ್ದವರಿಗಿಂತ ಮೇಲೆ, ದೂರದಿಂದ ಕಾಣುವ ಕಡೆ, ಎರಡನ್ನೂ ಅಡ್ಡಡ್ಡ ಕತ್ತರಿಯಾಗಿ ಹಿಮದಲ್ಲಿ ನೆಟ್ಟರು. ಇಲ್ಲಿ ಅಪಘಾತ ಆಗಿದೆ ಅನ್ನೋಕೆ ಎಲ್ಲ ಬೆಟ್ಟಗಳಲ್ಲೂ ಇದೇ ಗುರುತು. ಗೆಳೆಯನನ್ನು ಇನ್ನೂ ಮೇಲಿನ ತಿರುವಿಗೆ ಕೈ ಬೀಸಲು ಕಳಿಸಿದರು. ಅಂಚಿನ ಕಂಬದ ಮೇಲೆ ದಾರಿಯ ನಂಬರ್ ಬರೆದಿತ್ತು. ಅದನ್ನು ಓದಿ 112ಕ್ಕೆ ಫೋನ್ ಮಾಡಿದರು. ಬೂಟು ಬಿಚ್ಚಲು ಹೋದ ಒಬ್ಬರನ್ನು ತಡೆದರು. ಗಟ್ಟಿ ಬೂಟು ಮುರಿದ ಮೂಳೆಯನ್ನು ಅಲುಗಾಡದ ಹಾಗೆ ಹಿಡಿದಿಡುತ್ತೆ, ಹೆಲ್ಮೆಟ್ಟನ್ನೂ ಮುಟ್ಟಬಾರದು, ಮೇಲೆ ಜಾಕೆಟ್ ಹೊದಿಸಿ ಬೆಚ್ಚಗಿಟ್ಟರೆ ಸಾಕು ಅಂದರು. ಸ್ವಲ್ಪ ಹೊತ್ತಿಗೆ ರಕ್ಷಣಾ ದಳದವರು ಉದ್ದನೆಯ ಜಾರುಬಂಡಿ ಎಳೆದುಕೊಂಡು ಬಂದರು.

ಆ ಯುವಕ ಓಡಿಹೋಗಲಿಲ್ಲ. ಅದನ್ನು ಹೇಳಲೇಬೇಕು. ಹತ್ತನೇ ನಿಯಮ ಹೇಳೋದು ಅದನ್ನೇ: ತಪ್ಪು ಇರಲಿ ಬಿಡಲಿ, ಅಪಘಾತದಲ್ಲಿ ಸೇರಿದವರು, ನೋಡಿದವರು, ಎಲ್ಲರೂ ಹೆಸರು ವಿಳಾಸ ಕೊಡಬೇಕು. ನನ್ನ ಹೆಂಡತಿ ಗುದ್ದಿದ್ದನ್ನು ಕಣ್ಣಾರೆ ಕಂಡಿದ್ದಳು. ಅವಳೂ ಹೆಸರು ಬರೆಸಿದಳು. “ನಮಗ್ಯಾಕೆ ಇದೆಲ್ಲ” ಅಂತ ಗೆಳೆಯ ಗೊಣಗಿದ. ಅವಳು, “ನಾಳೆ ನೀವೇ ಬಿದ್ದಿರಿ ಅಂದ್ಕೊಳ್ಳಿ. ನೋಡಿದೋರೆಲ್ಲ ಹೀಗೇ ಹೊರಟರೆ?” ಎಂದಳು. ಅವನು ಸುಮ್ಮನಾದ.

ಪೊರ್ಡೊಯ್ ದಾಟಿದ ಮೇಲೆ ಮೋಡ ಮುಚ್ಚಿತು. ನೆರಳೇ ಬೀಳದಿದ್ದರೆ ಹಿಮದ ಉಬ್ಬುತಗ್ಗು ಒಂದೂ ಕಾಣುವುದಿಲ್ಲ. ಕಾಲು ಇದ್ದಕ್ಕಿದ್ದ ಹಾಗೆ ಕೆಳಗಿಳಿದಾಗಲೇ ತಗ್ಗು ಇತ್ತೆಂದು ಗೊತ್ತಾಗೋದು. ಲಿಫ್ಟಿನಲ್ಲಿ ಕೂತು ನೋಡಿದರೆ ಹಗ್ಗದಾಚೆ ಯಾರೂ ತುಳಿಯದ ಹಿಮ, ಮೇಲೆ ಒಂದೆರಡು ಜಾಡು. ಗೆಳೆಯನ ಮಗಳಿಗೆ ಆಸೆಯಾಯಿತು. ತರಬೇತುದಾರರು ಆ ದಿನದ ಹಿಮಕುಸಿತದ ಅಪಾಯ ತೋರಿಸುವ ಫಲಕದ ಕಡೆ ಬೆರಳು ಮಾಡಿದರು: 3. ಅಳತೆ 1ರಿಂದ 5ರವರೆಗೆ. 3 ಅಂದರೆ ನಡುವೆ ಇದೆ, ಪರವಾಗಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ. 4, 5 ಇದ್ದಾಗ ಹೆಚ್ಚಿನವರು ಹೋಗೋದಿಲ್ಲ, ಅದಕ್ಕೇ ಸಾವುಗಳು ಜಾಸ್ತಿ ಆಗೋದು 3ರಲ್ಲಿ. ಕುಸಿತದ ಅಡಿ ಸಿಕ್ಕವರು ಬದುಕುವ ಸಾಧ್ಯತೆ ಹತ್ತು-ಹದಿನೈದು ನಿಮಿಷದ ಆಚೆ ಸರ್ರನೆ ಇಳಿಯುತ್ತದೆ. ಹೊರಗಿನಿಂದ ಯಾರೋ ಬರುವಷ್ಟು ಹೊತ್ತು ಇರೋದಿಲ್ಲ, ಜೊತೆಗಿದ್ದವರೇ ಹುಡುಕಿ ಅಗೆಯಬೇಕು. ಅದಕ್ಕೇ ಸಂಕೇತ ಕಳಿಸುವ ಯಂತ್ರ, ಉದ್ದನೆ ಚುಚ್ಚುಕೋಲು, ಸಲಿಕೆ ಮೂರೂ ಇಲ್ಲದೆ ಆಚೆ ಹೋಗೋದು ಹುಚ್ಚು. ಅಪಾಯಕ್ಕೆ ಬಹಳ ದೂರ ಹೋಗಬೇಕಾಗಿಯೂ ಇಲ್ಲ. 2013ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಮೆರಿಬೆಲ್‌ನಲ್ಲಿ ಕಾರ್ ರೇಸ್ ಚಾಂಪಿಯನ್ ಮೈಕೆಲ್ ಶೂಮಾಕರ್ ಬಂಡೆಗೆ ಬಡಿದಿದ್ದು ಗುರುತು ಹಾಕಿದ ಎರಡು ದಾರಿಗಳ ನಡುವಿನ ಹಿಮದಲ್ಲಿ. ಹೆಲ್ಮೆಟ್ ಇತ್ತು.

ಸಂಜೆ ಮೂರೂವರೆಯೊಳಗೆ ಕೊನೆಯ ಕಣಿವೆದಾರಿ ದಾಟಬೇಕು ಅನ್ನೋದು ಸುತ್ತಿನ ಲೆಕ್ಕ. ಲಿಫ್ಟ್ ನಿಂತರೆ ಬೇರೆ ಕಣಿವೆಯಲ್ಲಿ ಸಿಕ್ಕಿಬಿದ್ದು ಟ್ಯಾಕ್ಸಿ ಹುಡುಕಬೇಕು. ಈ ಅವಸರದಲ್ಲೇ ಜನ ಬೀಳೋದು. ಕಾಲು ಸೋತಿರುತ್ತೆ, ಹಿಮ ಮುದ್ದೆಯಾಗಿರುತ್ತೆ, ಎಲ್ಲರೂ ಒಂದೇ ದಾರಿಯಲ್ಲಿ ನುಗ್ಗುತ್ತಾರೆ. ನಾವು ಸಮಯಕ್ಕೆ ಸರಿಯಾಗಿ ಸೆಲ್ವಾಕ್ಕೆ ಇಳಿದೆವು.

ರಾತ್ರಿ ಬೆಳದಿಂಗಳು ಚೆನ್ನಾಗಿತ್ತು. ಜಾರುಬಂಡಿ ತೆಗೆದುಕೊಂಡು ಮುಚ್ಚಿದ ಇಳಿಜಾರಿಗೆ ಹೋಗೋಣ ಕಣೋ ಎಂದ ಗೆಳೆಯ. ಹೋಟೆಲಿನವರು ಬಾಗಿಲಲ್ಲೇ ತಡೆದರು. ದೂರದಲ್ಲಿ ದೀಪ ಮಿನುಗಿಸುತ್ತಾ ಹಿಮ ಸಮ ಮಾಡುವ ಯಂತ್ರಗಳು ಓಡಾಡುತ್ತಿದ್ದವು. ಕಡಿದಾದ ಕಡೆ ಆ ಯಂತ್ರ ಜಾರದಂತೆ ಮೇಲಿನ ಗೂಟಕ್ಕೆ ಉಕ್ಕಿನ ಹಗ್ಗ ಕಟ್ಟಿರುತ್ತಾರೆ. ನೂರಾರು ಮೀಟರ್ ಉದ್ದ, ಬೆರಳಿನಷ್ಟು ದಪ್ಪ. ಈಗ ಹಿಮದೊಳಗೆ ಹೂತಿರುತ್ತೆ, ಯಂತ್ರ ತಿರುಗಿದ ಕೂಡಲೇ ಎದೆ ಎತ್ತರಕ್ಕೆ ಬಿಗಿದು ಪಕ್ಕಕ್ಕೆ ಹಾರುತ್ತೆ. ಯಂತ್ರದ ದೀಪ ಕಂಡೀತು, ಹಗ್ಗ ಕಾಣೋದಿಲ್ಲ. “ಹಗಲಲ್ಲಿ ಅದು ನಿಮ್ಮದು, ರಾತ್ರಿ ಅವರ ಕೆಲಸದ ಜಾಗ” ಎಂದರು. ಜಾರುಬಂಡಿಗೇ ಅಂತ ಮಾಡಿದ ದಾರಿ ಪಕ್ಕದ ಒರ್ತಿಸೇಯಿ ಊರಿನಲ್ಲಿದೆ ಎಂದು ವಿಳಾಸವನ್ನೂ ಬರೆದುಕೊಟ್ಟರು. ಮರುದಿನ ಹಗಲು ಹೊತ್ತಿನಲ್ಲಿ, ಹೆಲ್ಮೆಟ್ ಹಾಕಿಕೊಂಡೇ, ಅಲ್ಲಿಗೆ ಹೋದೆವು.