ಸರ್ವರ್ ಇಲ್ರಿ

ಮಗಳ ಸ್ಕಾಲರ್‌ಶಿಪ್ಪಿಗೆ ಆದಾಯ ಪ್ರಮಾಣಪತ್ರ ಬೇಕಿತ್ತು. ಎರಡು ದಿನ ಮಗ್ಗ ಬಿಟ್ಟು ನಾಡಕಚೇರಿಗೆ ಓಡಾಡಿದೆ. ಎರಡೂ ದಿನ ಒಂದೇ ಮಾತು, "ಸರ್ವರ್ ಇಲ್ರಿ, ನಾಳೆ ಬರ್ರಿ." ಶಕ್ತಿ ಯೋಜನೆಯಿಂದ ಬಸ್ಸು ಫ್ರೀ ಆಯ್ತು, ಸುಳ್ಳು ಹೇಳಬಾರದು, ಅದು ದೊಡ್ಡ ಉಪಕಾರ. ಆದ್ರೆ ಕೂಲಿ? ನೇಯ್ದಷ್ಟೇ ದುಡ್ಡು ನಮಗೆ. ಇಳಕಲ್ ಸೀರೆಯ ಮೈಗೆ ಸೆರಗು ಜೋಡಿಸೋ ಕೊಂಡಿ ಹಾಕೋದು ಅರ್ಧಕ್ಕೇ ನಿಂತಿದೆ, ಎಳೆಗಳು ಜೋತಾಡ್ತಿವೆ.

ಪಕ್ಕದ ಮನೆ ಅಕ್ಕ ಕೇಳಿದರು, "ಸಕಾಲದ ಚೀಟಿ ಇಸ್ಕೊಂಡಿಯೇನವ್ವಾ?" ಇಲ್ಲ, ಕಚೇರಿಯವರು ಕೊಡಲಿಲ್ಲ, ನಾನೂ ಕೇಳಲಿಲ್ಲ. ಸಕಾಲ ಅಂದ್ರೆ ಸರ್ಕಾರಿ ಕೆಲಸ ಹೇಳಿದ ದಿನದೊಳಗೆ ಆಗಬೇಕು ಅನ್ನೋ 2011ರ ಕಾಯ್ದೆ, ಆ ದಿನ ಯಾವುದು ಅಂತ ಚೀಟಿಯಲ್ಲಿ ಇರುತ್ತೆ. ಹೇಳಿದ ದಿನಕ್ಕೆ ಕೆಲಸ ಆಗದಿದ್ರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಇಸ್ಕೊಂಡವರನ್ನು ನಾನಂತೂ ನೋಡಿಲ್ಲ. 20 ರೂಪಾಯಿ ಯಾರಿಗೆ ಬೇಕು, ಬರಬೇಕಾದ ದಿನ ಯಾವುದು ಅಂತ ಹೇಳಿದ್ರೆ ಸಾಕಿತ್ತು, ಅಲ್ವಾ?

ನಾಳೆ ಮತ್ತೆ ಹೋಗ್ತೀನಿ. ಈ ಸಲ ಚೀಟಿ ಇಸ್ಕೊಂಡೇ ಬರೋದು.