ದೀಪ ಹೊತ್ತುತ್ತೆ, ಮುಂದಿನ ಚಕ್ರ ಎಳೆಯಲ್ಲ: ಹಳೇ ಎಟಿವಿ ಕೆಲಸ ಎಲ್ಲಿಗೆ ಬಂತು

ನನ್ನ ಹಳೇ ಎಟಿವಿಯ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಇಂಜಿನ್ ಕೆಲಸ ಮುಗಿದಿದೆ. ಬಟನ್ ಒತ್ತಿದ ತಕ್ಷಣ ಸ್ಟಾರ್ಟ್ ಆಗುತ್ತೆ, ಐಡ್ಲಿಂಗ್ ಕೂಡ ಸಮವಾಗಿದೆ. ಈ ಮೂರು ವಾರ ಪೂರ್ತಿ ಹೋಗಿದ್ದು ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ವ್ಯವಸ್ಥೆಯ ಹಿಂದೆ. ಹ್ಯಾಂಡಲ್ ಮೇಲಿನ ಸ್ವಿಚ್ ಹಾಕಿದರೆ ಮೀಟರ್‌ನಲ್ಲಿ ದೀಪ ಹೊತ್ತುತ್ತೆ. ಆದರೆ ಕೆಸರಿಗೆ ಇಳಿಸಿದರೆ ಹಿಂದಿನ ಎರಡು ಚಕ್ರ ಗಿರಗಿರ ತಿರುಗುತ್ತವೆ, ಮುಂದಿನವು ಅಲ್ಲಾಡುವುದೇ ಇಲ್ಲ.

ಈ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಸದಾಕಾಲ ಬಲ ಹೋಗಲ್ಲ. ಮುಂದಿನ ಡಿಫರೆನ್ಷಿಯಲ್ (ಮುಂದಿನ ಎರಡು ಚಕ್ರಕ್ಕೆ ಬಲ ಹಂಚುವ ಗೇರ್ ಪೆಟ್ಟಿಗೆ) ಒಳಗೆ ಒಂದು ಕಾಯಿಲ್ (ತಂತಿ ಸುರುಳಿ), ಅದರ ಎದುರಿಗೆ ಉಕ್ಕಿನ ತೆಳು ತಟ್ಟೆ, ತಟ್ಟೆಗೆ ಕಚ್ಚಿಕೊಂಡ ರೋಲರ್ ಪಂಜರ ಇವೆ. ಸ್ವಿಚ್ ಹಾಕಿದಾಗ ಕಾಯಿಲ್ ಅಯಸ್ಕಾಂತವಾಗಿ ತಟ್ಟೆಯನ್ನು ಹಿಡಿಯುತ್ತೆ. ತಟ್ಟೆ ಪಂಜರವನ್ನು ತುಸು ಹಿಂದಕ್ಕೆ ಜಗ್ಗುತ್ತೆ, ರೋಲರ್‌ಗಳು ಇಕ್ಕಟ್ಟಿನ ಜಾಗಕ್ಕೆ ಸರಿದು ಕಾಯುತ್ತವೆ. ಗೇರ್ ಲೆಕ್ಕ ಇಟ್ಟಿರುವುದೂ ಸೊಗಸಾಗಿದೆ: ಎಲ್ಲ ಚಕ್ರಕ್ಕೂ ಹಿಡಿತ ಇದ್ದಾಗ ಮುಂದಿನ ಚಕ್ರಗಳು ರಿಂಗ್ ಗೇರ್‌ಗಿಂತ (ಇಂಜಿನ್ ಬಲ ತರುವ ಹಲ್ಲಿನ ಬಳೆ) ಸ್ವಲ್ಪ ಜೋರಾಗಿ ಓಡುತ್ತವೆ, ಹಾಗಾಗಿ ಏನೂ ಕಚ್ಚಿಕೊಳ್ಳಲ್ಲ. ಹಿಂದಿನ ಚಕ್ರ ಜಾರಿದ ಕೂಡಲೇ ರಿಂಗ್ ಗೇರ್ ವೇಗ ಏರುತ್ತೆ, ರೋಲರ್‌ಗಳು ಬೆಣೆ ಹೊಡೆದ ಹಾಗೆ ಸಿಕ್ಕಿಕೊಳ್ಳುತ್ತವೆ, ಮುಂದಿನ ಎರಡೂ ಚಕ್ರ ಎಳೆಯಲು ಶುರು ಮಾಡುತ್ತವೆ. ಟೈರ್ ಅಳತೆ ತಪ್ಪಿದರೆ ಈ ಲೆಕ್ಕವೇ ಕೆಡುತ್ತೆ ಅನ್ನುವುದು ಗೊತ್ತಿರಲಿ. ಹಿಂದಿನ ಟೈರ್ ತುಂಬಾ ಸವೆದು ಸುತ್ತಳತೆ ಕಡಿಮೆಯಾಗಿದ್ದರೆ ಒಣ ನೆಲದಲ್ಲೂ ಕಚ್ಚಿಕೊಂಡು ಹ್ಯಾಂಡಲ್ ಭಾರವಾಗುತ್ತೆ.

ಮೊದಲ ವಾರ ಕಾಯಿಲ್ ಪರೀಕ್ಷೆ ಮಾಡಿದೆ. ಕಪ್ಲರ್ (ವೈರ್ ಕೂಡಿಸುವ ಪ್ಲಗ್) ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 24 ಓಮ್. ನನ್ನ ಗಾಡಿಯ ಸರ್ವಿಸ್ ಪುಸ್ತಕದ ಪ್ರಕಾರ 21.6ರಿಂದ 26.4ರ ಒಳಗೆ ಇರಬೇಕು, ಸರಿಯಾಗಿದೆ. ಗಾಡಿಯ ಲೋಹದ ಮೈಗೆ ಶಾರ್ಟ್ ಕೂಡ ಇಲ್ಲ. ಗಾಡಿ ಕಡೆಯ ಕಪ್ಲರ್‌ನಲ್ಲಿ ವೋಲ್ಟೇಜ್ ನೋಡಿದೆ: 12.4. ವಿದ್ಯುತ್ ಕಡೆ ತೊಂದರೆ ಇಲ್ಲ ಎಂದು ಬರೆದಿಟ್ಟು ಡಿಫರೆನ್ಷಿಯಲ್ ಬಿಚ್ಚುವ ತಯಾರಿ ಮಾಡಿದೆ.

ಆ ತೀರ್ಮಾನ ತಪ್ಪಾಗಿತ್ತು. ಕಪ್ಲರ್ ಬಿಚ್ಚಿ ಅಳೆದಾಗ ವೈರ್‌ನಲ್ಲಿ ಕರೆಂಟ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲ. ಹಾಗಾಗಿ ಜಾಯಿಂಟ್ ಎಷ್ಟೇ ಕೆಟ್ಟಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತೆ. ಎರಡನೇ ವಾರ ಕಪ್ಲರ್ ಹಾಕಿ, ಹಿಂಬದಿಯಿಂದ ಸೂಜಿ ಚುಚ್ಚಿ, ಸ್ವಿಚ್ ಆನ್ ಮಾಡಿ ಅಳೆದೆ. 6.8 ವೋಲ್ಟ್! ಕಾಯಿಲ್ 24 ಓಮ್ ಅಂದರೆ ಹರಿಯುತ್ತಿದ್ದದ್ದು ಸುಮಾರು 0.28 ಆಂಪಿಯರ್, ಹರಿಯಬೇಕಾದದ್ದು 0.5ರ ಮೇಲೆ. ದಾರಿಯಲ್ಲಿ ಕಳೆದುಹೋಗುತ್ತಿದ್ದ 5.6 ವೋಲ್ಟ್‌ಗೆ ಲೆಕ್ಕ ಹಾಕಿದರೆ ವೈರ್‌ನಲ್ಲಿ ಎಲ್ಲೋ 20 ಓಮ್ ಅಡ್ಡಿ ಕೂತಿದೆ. ಅಯಸ್ಕಾಂತದ ಹಿಡಿತ ಕರೆಂಟ್‌ನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ, ಕರೆಂಟ್ ಅರ್ಧದಷ್ಟಿದ್ದರೂ ಹಿಡಿತ ಮೂರನೇ ಒಂದು ಭಾಗಕ್ಕೂ ಕಡಿಮೆ. ಮೀಟರ್‌ನಲ್ಲಿನ ದೀಪಕ್ಕೆ ಇದು ಯಾವುದೂ ಗೊತ್ತಾಗಲ್ಲ. ಸ್ವಿಚ್ ಆನ್ ಆಗಿದೆ ಎಂದಷ್ಟೇ ಅದು ಹೇಳುವುದು.

ಆಮೇಲೆ ಹುಡುಕಾಟ ಸುಲಭವಾಯಿತು. ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಕಾಯಿಲ್‌ನ ಮೈನಸ್ ವೈರ್ ಮೇಲೆ ಜಾಗ ಬದಲಿಸುತ್ತಾ ಹೋದೆ. ಹ್ಯಾಂಡಲ್ ಕಂಬದ ಬುಡದ ತನಕ 5.3, ಅಲ್ಲಿಂದ ಒಂದು ಗೇಣು ಆಚೆ 0.1. ಹಾರ್ನೆಸ್ (ವೈರ್‌ಗಳ ಕಟ್ಟು) ಟೇಪ್ ಬಿಚ್ಚಿದರೆ ಒಳಗೆ ಒತ್ತಿ ಕೂಡಿಸಿದ ಜಾಯಿಂಟ್. ವೈರ್‌ನ ಹೊದಿಕೆ ಅಲ್ಲಿ ಉಬ್ಬಿ ಮೆತ್ತಗಾಗಿತ್ತು. ಬ್ಲೇಡಿನಿಂದ ಸೀಳಿದಾಗ ತಾಮ್ರದ ಎಳೆಗಳ ಜಾಗದಲ್ಲಿ ಬರೀ ಹಸಿರು ಕಿಲುಬು, ಬೆರಳು ತಾಗಿದರೆ ಪುಡಿಯಾಗಿ ಉದುರುತ್ತಿತ್ತು. ಹ್ಯಾಂಡಲ್ ತಿರುಗಿಸಿದಾಗೆಲ್ಲ ಬಾಗುವ ಜಾಗ ಅದು, ಕೆಸರು ನೀರು ಬೀಳುವ ಜಾಗವೂ ಹೌದು. ಎರಡೂ ಕಡೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ನಡುವೆ ಹೊಸ ತುಂಡು ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿದೆ. ಈಗ ಕಾಯಿಲ್‌ಗೆ 12.1.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಇಲ್ಲ. ನಾಲ್ಕೂ ಚಕ್ರ ಸ್ಟ್ಯಾಂಡ್ ಮೇಲೆ ಎತ್ತಿ, ಇಂಜಿನ್ ಆಫ್, ಕೀ ಆನ್, ಗೇರ್ ನ್ಯೂಟ್ರಲ್ ಇಟ್ಟು, ಮುಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ (ಮುಂದಿನ ಡಿಫರೆನ್ಷಿಯಲ್‌ಗೆ ಬಲ ಒಯ್ಯುವ ಸರಳು) ಕೈಯಲ್ಲಿ ತಿರುಗಿಸಿ ನೋಡಿದೆ. ಮೂರು ಸಲ ತಿರುಗಿಸಿದರೆ ಒಂದು ಸಲ ಚಕ್ರ ಜೊತೆಗೆ ಬರುತ್ತಿತ್ತು, ಎರಡು ಸಲ ಶಾಫ್ಟ್ ಮಾತ್ರ ತಿರುಗುತ್ತಿತ್ತು.

ಮೂರನೇ ವಾರ ಡಿಫರೆನ್ಷಿಯಲ್‌ನ ಆಯಿಲ್ ಇಳಿಸಿದೆ. ಹಾಲು ಕದಡಿದ ಬಣ್ಣ, ಅಂದರೆ ನೀರು ಸೇರಿದೆ. ಹಿಂದಿನ ಮಾಲೀಕರು ದಪ್ಪ ಗೇರ್ ಆಯಿಲ್ ಹಾಕಿದ್ದರು ಅನ್ನುವುದೂ ವಾಸನೆಯಲ್ಲೇ ಗೊತ್ತಾಯಿತು. ಈ ರೋಲರ್ ಕ್ಲಚ್‌ಗೆ ತೆಳ್ಳಗಿನ ಆಯಿಲ್ ಬೇಕು, ದಪ್ಪ ಇದ್ದರೆ ರೋಲರ್‌ಗಳು ಸರಾಗವಾಗಿ ಸರಿಯಲ್ಲ. ಮುಚ್ಚಳ ತೆಗೆದರೆ ತಟ್ಟೆಯ ಮೇಲೆ ಕಾಯಿಲ್ ತಾಗುವ ಹೊಳಪಿನ ಗೆರೆ ಅರ್ಧ ಸುತ್ತು ಮಾತ್ರ ಇತ್ತು, ಉಳಿದರ್ಧ ಕಪ್ಪು ಜಿಡ್ಡು. ಎರಡು ರೋಲರ್ ಪಂಜರದಲ್ಲಿ ಬಿಗಿದುಕೊಂಡಿದ್ದವು. ತಟ್ಟೆಯನ್ನು ಗಾಜಿನ ಮೇಲೆ ಇಟ್ಟು ನೋಡಿದೆ, ಸೊಟ್ಟಗಾಗಿಲ್ಲ, ಹಾಗಾಗಿ ಅದನ್ನೇ ತೊಳೆದು ಹಾಕಿದೆ. ಸೀಲ್ ಮತ್ತು ಓ ರಿಂಗ್ ಹೊಸವು.

ನೀರು ಹೇಗೆ ಬಂತು ಅಂತ ಹುಡುಕದೆ ಮುಚ್ಚಲು ಮನಸ್ಸಾಗಲಿಲ್ಲ. ಡಿಫರೆನ್ಷಿಯಲ್‌ನ ಉಸಿರಾಟದ ಪೈಪ್ ಊದಿದರೆ ಗಾಳಿ ಹೋಗುತ್ತಿರಲಿಲ್ಲ, ತುದಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಬಿಸಿಯಾದ ಕೇಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ. ಪೈಪ್ ಮುಚ್ಚಿದ್ದರೆ ಸೀಲ್ ಅಂಚಿನಿಂದಲೇ ನೀರು ಎಳೆದುಕೊಳ್ಳುತ್ತೆ. ಪೈಪ್ ಬದಲಿಸಿ ತುದಿಯನ್ನು ಹ್ಯಾಂಡಲ್ ಕೆಳಗಿನ ತನಕ ಎತ್ತರಿಸಿದ್ದೇನೆ.

ಪುಸ್ತಕ ಹೇಳಿದ ಆಯಿಲ್ ತುಂಬಿ ಶಾಫ್ಟ್ ತಿರುಗಿಸಿದೆ. ಟಕ್ ಎಂದು ಕಚ್ಚಿಕೊಂಡು ಎರಡೂ ಚಕ್ರ ಒಟ್ಟಿಗೆ ತಿರುಗಿದವು. ಹತ್ತು ಸಲಕ್ಕೆ ಹತ್ತು ಸಲವೂ. ನಿನ್ನೆ ಒದ್ದೆ ಏರಿನಲ್ಲಿ ಓಡಿಸಿದೆ. ಹಿಂದಿನ ಚಕ್ರ ಒಂಚೂರು ಜಾರಿತು, ಅಷ್ಟರಲ್ಲಿ ಮುಂದಿನವು ಹ್ಯಾಂಡಲ್ ಸಮೇತ ಎಳೆದುಕೊಂಡು ಹೋದವು. ಎಷ್ಟು ಖುಷಿಯಾಯಿತು ಅಂದರೆ ಅದೇ ಏರನ್ನು ಆರು ಸಲ ಹತ್ತಿದೆ.

ಬಲಗಡೆ ಸೀಲ್ ಸುತ್ತ ಸ್ವಲ್ಪ ಜಿಡ್ಡು ಕಾಣುತ್ತಿದೆ, ಒರೆಸಿ ಬಿಟ್ಟಿದ್ದೇನೆ. ಮುಂದಿನ ವಾರ ಮತ್ತೆ ನೋಡಬೇಕು. ನಾಲ್ಕೂ ಟೈರ್‌ಗೆ ಟೇಪ್ ಸುತ್ತಿ ಸುತ್ತಳತೆ ಬರೆದುಕೊಳ್ಳುವ ಕೆಲಸವೂ ಬಾಕಿ ಇದೆ.